ಗುಂಡ್ಯಾನ ಬೆಳ್ಳಗಾದ ಕಣ್ಣು

ಸೋಲಾಪುರ,
ಫೆಬ್ರುವರಿ ೩, ಸೋಮವಾರ

ಶ್ರೀ ಗುರುಸಿದ್ಧ ಅವರಿಗೆ ನಿಮ್ಮ ಹೆಂಡತಿ ಪೂನಮ ಮಾಡುವ ನಮಸ್ಕಾರ.

ಮದುವೆಯಾದಾಗಿನಿಂದ ನಿಮ್ಮ ಹೆಸರು ಹಿಡಿದು ಕರೆದವಳಲ್ಲ, ಇವತ್ತು ಬರೆದಿದ್ದೇನೆ. ಮೇಲೆ ‘ಪ್ರೀತಿಯ’ ಎಂದು ಹಾಕಬೇಕೆಂದು ಕುಳಿತೆ, ಕೈ ಏಳಲಿಲ್ಲ. ಸೂರತ್ತಿನಲ್ಲಿ ಆರೋಗ್ಯವಾಗಿದ್ದೀರಾ? ಅಲ್ಲಿಯ ಎಣ್ಣೆಯ ಊಟಕ್ಕೆ ನಿಮಗೆ ಎದೆಯುರಿ ಬರುತ್ತದೆ, ಮಜ್ಜಿಗೆ ತಪ್ಪಿಸಬೇಡಿ. ಎಷ್ಟೇ ಸಿಟ್ಟಿದ್ದರೂ ಇದನ್ನು ಕೇಳದೆ ಮುಂದೆ ಹೋಗಲು ನನಗೆ ಬರುವುದಿಲ್ಲ. ಮಾವನವರು ಚೆನ್ನಾಗಿದ್ದಾರೆ, ದಿನಾ ಅಂಗಡಿಗೆ ಹೋಗಿ ಬರುತ್ತಾರೆ. ನಿಮ್ಮ ಅವ್ವ ಚೆನ್ನಾಗಿಲ್ಲ. ನಾನೂ ಚೆನ್ನಾಗಿಲ್ಲ. ಸದ್ಯ ಈ ಮನೆಯಲ್ಲಿ ಎಲ್ಲರಿಗಿಂತ ಸುಖವಾಗಿರುವುದು ನೀವು ಬಿಟ್ಟುಹೋದ ಹಾವು.

ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಸಾಕು, “ಗಿರಾಕಿ ಬಂದಾರ, ಆಮ್ಯಾಲ ಮಾತಾಡ್ತೀನಿ” ಎಂದು ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಮರಾಠಿಯಲ್ಲಿ ಬರೆದರೆ ನಿಮ್ಮ ರೂಮಿನ ಹುಡುಗರೂ ಓದಿಯಾರು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡ ಓದಲು ನಿಮಗೆ ಹೊತ್ತು ಹಿಡಿಯುತ್ತದೆ, ಗೊತ್ತು. ಹಿಡಿಯಲಿ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿ.

ಮೊದಲು ಗುಂಡ್ಯಾನ ಸುದ್ದಿ. ಪುಣೆಯ ನಿಮ್ಮ ಗೆಳೆಯ ಸಿದ್ಧರಾಮ ಮನೆ ಬದಲಿಸುವಾಗ ಕೊಟ್ಟನೆಂದು ದೀಪಾವಳಿಗೆ ಮುಂಚೆ ಆ ಬಾಲ್ ಪೈಥಾನನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದಿರಿ. ಇದು ಆಫ್ರಿಕಾದ ಸಣ್ಣ ಹೆಬ್ಬಾವು, ವಿಷವಿಲ್ಲ, ಸಾಕಲು ಸರಕಾರದ ಪರವಾನಗಿ ಇದೆ ಎಂದು ಮಾವನವರನ್ನು ಒಪ್ಪಿಸಿದಿರಿ. ಹೆದರಿದಾಗ ಅದು ತಲೆಯನ್ನು ನಡುವೆ ಬಚ್ಚಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುವುದನ್ನು ನೋಡಿ ಗುಂಡ್ಯಾ ಎಂದು ಹೆಸರಿಟ್ಟವಳು ನಾನೇ. ಅದರ ವಾಸಕ್ಕೆ ನೀವು ಮಾಡಿದ ವ್ಯವಸ್ಥೆ ಏನು? ಪಡಸಾಲೆಯಲ್ಲಿದ್ದ ಹಳೆಯ ಮೀನಿನ ತೊಟ್ಟಿ, ತಳದಲ್ಲಿ ಪೇಪರ್, ಮೇಲೆ ಜಾಳಿಗೆ, ಜಾಳಿಗೆಯ ಮೇಲೊಂದು ಬಲ್ಬ್. “ಬಲ್ಬ್ ಹಚ್ಚಿದ್ರ ಮುಗೀತು, ಅದೇನ್ ಕೇಳ್ತದ” ಎಂದಿರಿ. ಹಬ್ಬ ಮುಗಿಸಿ, ಸೂರತ್ತಿನ ವ್ಯವಹಾರ ನೋಡಿ ಬೇಗ ಬರುತ್ತೇನೆಂದು ಹೋದಿರಿ. ಆಮೇಲೆ ಪೂರಾ ಚಳಿಗಾಲ ಕಳೆಯಿತು.

ಅದು ಏನನ್ನೂ ಕೇಳಲಿಲ್ಲ, ನಿಜ. ಉಣ್ಣುವುದನ್ನು ಬಿಟ್ಟಿತು, ಅಷ್ಟೆ. ಸಿದ್ಧರಾಮ ಐಸ್ ಡಬ್ಬಿಯಲ್ಲಿ ಕಳಿಸುವ ಸತ್ತ ಇಲಿಯನ್ನು, ತತ್ತಿ ಕೂಡ ಒಳಗೆ ಬಾರದ ಈ ಮನೆಯಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು, ಮಾಳಿಗೆಯ ಮೇಲೆ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಚಿಮಟಿಗೆಯಲ್ಲಿ ಹಿಡಿದು ಕೊಡುವವಳು ನಾನು. ಗುಂಡ್ಯಾ ಮುಖ ತಿರುಗಿಸುತ್ತಿತ್ತು. ಹಗಲೆಲ್ಲ ಗಾಜಿನ ಮೂಲೆಗೆ ಮೂಗು ತಿಕ್ಕಿ ತಿಕ್ಕಿ ಮೂಗಿನ ತುದಿ ಕೆಂಪಾಯಿತು. ಬಲ್ಬಿನ ಕೆಳಗೆ ಕಾದ ಹಂಚು, ಇನ್ನೊಂದು ಬದಿಗೆ ಕೊರೆಯುವ ಥಂಡಿ, ನಾಲ್ಕೂ ಕಡೆಯಿಂದ ಜನ ಬಗ್ಗಿ ನೋಡುವುದು, ತಲೆ ಮರೆಸಿಕೊಳ್ಳಲು ಒಂದು ಗೇಣು ಜಾಗವಿಲ್ಲ. ನಿಮಗೆ ವಿಡಿಯೋ ಕಳಿಸಿದೆ. ನೀವು ಹೆಬ್ಬೆರಳು ಕಳಿಸಿದಿರಿ.

ಕೊನೆಗೆ ಸಿದ್ಧರಾಮನಿಗೇ ಫೋನ್ ಮಾಡಿದೆ. “ವೈನಿ, ನಾ ಅಂವಗ ಎಲ್ಲಾ ಹೇಳಿ ಕೊಟ್ಟಿದ್ನಲ್ಲರಿ” ಎಂದ. ನಿಮಗೆ ಎಲ್ಲ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗ. ಅವನು ಹೇಳಿದ ಹಾಗೆ ನಾನು ಮಾಡಿಸಿದೆ. ಅಂಗಡಿಯ ಹಿಂದೆ ಬಿದ್ದಿದ್ದ ಚಾದರ ಜೋಡಿಸಿಡುತ್ತಿದ್ದ ಹಳೆಯ ಶೋಕೇಸನ್ನು ಕೇಳಿದಾಗ ಮಾವನವರು ಪೇಪರಿನಿಂದ ತಲೆ ಎತ್ತದೆ “ಒಯ್ಯವಾ” ಎಂದರು. ಬಡಿಗ ಅದನ್ನು ಒಯ್ದು ಬಿರುಕು ಮುಚ್ಚಿ, ಹಿಂದೆ ಗಾಳಿಗೆ ತೂತು ಕೊರೆದು, ಸರಿಸುವ ಗಾಜಿಗೆ ಕೀಲಿ ಕೂರಿಸಿದ. ಒಂದು ಬದಿಗೆ ಅಡಿಯಲ್ಲಿ ಬಿಸಿಯಾಗುವ ಪ್ಯಾಡು, ಅದು ಹೆಚ್ಚು ಕಾಯದ ಹಾಗೆ ಥರ್ಮೋಸ್ಟ್ಯಾಟು, ಇನ್ನೊಂದು ಬದಿ ತಂಪು. ಬೇಕಾದ ಕಡೆಗೆ ಅದೇ ಸರಿಯುತ್ತದೆ, ನಾವು ಆರಿಸಿ ಕೊಡುವುದಲ್ಲ. ತಳಕ್ಕೆ ನರ್ಸರಿಯವರು ಮಾರುವ ತೆಂಗಿನ ನಾರಿನ ಪುಡಿ. ಮೈ ಮುಳುಗುವಷ್ಟು ಅಗಲದ ನೀರಿನ ಬೋಗುಣಿ. ಕುಂಬಾರರ ಹತ್ತಿರ ಒಂದೇ ಅಳತೆಯ ಎರಡು ಗಡಿಗೆ ತಂದು, ಬಾಯಿ ಸ್ವಲ್ಪ ಒಡೆದು, ಅಂಚು ತಿಕ್ಕಿ ನುಣುಪು ಮಾಡಿ ಬಿಸಿ ಬದಿಗೊಂದು, ತಂಪು ಬದಿಗೊಂದು ಬೋರಲು ಹಾಕುವುದೆಂದಾಯಿತು. ಬಡಿಗನ ಕೆಲಸ ಮುಗಿಯುವ ತನಕ ಒಂದು ಗಡಿಗೆಯನ್ನು ಮೀನಿನ ತೊಟ್ಟಿಯಲ್ಲೇ ಇಟ್ಟೆ. ಇಟ್ಟ ಕೂಡಲೇ ಗುಂಡ್ಯಾ ಒಳಗೆ ಹೋಗಿ ಬಾಲ ಎಳೆದುಕೊಂಡಿತು. ಆ ದಿನ ಮೂಗು ತಿಕ್ಕುವುದು ನಿಂತಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಯಾಕೆ ಅತ್ತೆನೋ, ನಿಮಗೆ ಹೇಳುವ ಮನಸ್ಸಿಲ್ಲ.

ಈಗ ಸಿಟ್ಟಿನ ಮಾತು. ಸಂಕ್ರಾಂತಿಯ ಅರಿಶಿಣ ಕುಂಕುಮಕ್ಕೆ ನಿಮ್ಮ ಅವ್ವ ಓಣಿಯ ಹೆಂಗಸರನ್ನೆಲ್ಲ ಕರೆದಿದ್ದರು. ಅಕ್ಕಲಕೋಟೆಯಿಂದ ಅವರ ಅಕ್ಕ ತುಳಜಾಬಾಯಿ ದೊಡ್ಡವ್ವನೂ ಬಂದಿದ್ದರು. ಶೋಕೇಸು ಇನ್ನೂ ಬಡಿಗನ ಹತ್ತಿರವೇ ಇತ್ತು, ಗುಂಡ್ಯಾ ತೊಟ್ಟಿಯಲ್ಲೇ ಇತ್ತು. ಅದು ಪೊರೆ ಬಿಡುವ ಹೊತ್ತು. ಆಗ ಮೈ ಮಾಸುತ್ತದೆ, ಹಳೆಯ ಪೊರೆ ಕಣ್ಣಿನಿಂದಲೂ ಬಿಡಬೇಕಲ್ಲ, ಅದಕ್ಕೆ ಕಣ್ಣಿನ ಮೇಲೆ ಹಾಲು ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಗಡಿಗೆಯಿಂದ ತಲೆ ಹೊರಗೆ ಹಾಕಿದ್ದನ್ನು ದೊಡ್ಡವ್ವ ನೋಡಿದರು. “ಸುಮಿತ್ರಾ, ನಿನ್ನ ಮನ್ಯಾಗ ಬಸರ ಹೆಂಗಸ ಅದಾಳ. ಬಸರೀದು ನೆಳ್ಳ ಬಿದ್ರ ಹಾವಿಗಿ ಕಣ್ಣ ಕಾಣಂಗಿಲ್ಲ” ಎಂದು ನಿಮ್ಮ ಅವ್ವನಿಗೆ ಹೇಳಿದರು. ಕೈಯಲ್ಲಿ ಎಳ್ಳುಬೆಲ್ಲ ಹಿಡಿದ ಅಷ್ಟೂ ಹೆಂಗಸರು ತಿರುಗಿ ನನ್ನ ಹೊಟ್ಟೆ ನೋಡಿದರು. ಪೊರೆ ಬಿಡಾಕತ್ತದ ರೀ ಎಂದೆ. ಹಂಗೇನಿಲ್ಲ ರೀ ಅತ್ತಿ ಎಂದೆ. “ಮೂರ ತಿಂಗಳ ತನಕ ಯಾರೂ ಹೇಳಂಗಿಲ್ಲ ಬಿಡ” ಎಂದು ದೊಡ್ಡವ್ವ ನಕ್ಕರು. ನಿಮ್ಮ ಅವ್ವ ನಗಲಿಲ್ಲ. ದೀಪಾವಳಿಗೆ ನೀವು ಮನೆಯಲ್ಲಿದ್ದದ್ದನ್ನು ನೆನೆಸಿಕೊಂಡು, ಎಲ್ಲರ ಎದುರಿಗೆ ನನ್ನ ಕೆನ್ನೆ ಸವರಿ ಕಣ್ಣೀರು ಹಾಕಿದರು. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

ಗುರುವಾರ ಅಕ್ಕಲಕೋಟೆಗೆ ಕರೆದುಕೊಂಡು ಹೋದರು. ನಾನು ಮತ್ತೆ ಇಲ್ಲ ಎಂದೆ, ಎಸ್ಟಿ ಬಸ್ಸಿನಲ್ಲೂ ಇಲ್ಲ ಎಂದೆ. ನಾಚಿಕೆ ಎಂದುಕೊಂಡರು. ಸ್ವಾಮಿಯ ದರ್ಶನ ಆಯಿತು, ದೊಡ್ಡವ್ವನ ಮನೆಯಲ್ಲಿ ಹಸಿರು ಸೀರೆ ಉಡಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ ಸೆರಗಿನಲ್ಲಿ ಭಾರವಾಗಿ ಕೂತವು. ಇಲ್ಲದ ಕೂಸಿಗೆ ಅವರು ತುಂಬುತ್ತಿದ್ದಾರೆ, ನಾನು ಹಿಡಿದುಕೊಂಡು ನಿಂತಿದ್ದೇನೆ. ಅಲ್ಲಿಂದ ಹಿತ್ತಲಿಗೆ ಹೋಗಿ ನಿಮಗೆ ಫೋನ್ ಮಾಡಿದೆ. ಅಳುತ್ತ ಹೇಳಿದೆ, ನಿಮ್ಮ ಅವ್ವನಿಗೆ ಒಂದು ಮಾತು ಹೇಳಿಬಿಡಿ ಎಂದೆ. ನೀವು ಏನೆಂದಿರಿ, ನೆನಪಿದೆಯಾ? “ಸುಮ್ಮ ಇರ. ಅವ್ವ ಖುಷಿ ಆಗ್ಯಾಳ, ಇರ್ಲಿ ಬಿಡು. ಮುಂದ ಏನರ ಹೇಳಿದ್ರಾತು.”

ಮುಂದೆ ಏನು ಹೇಳುವುದು? ಯಾರು ಹೇಳುವುದು? ನೀವಂತೂ ಅಲ್ಲ. ಪುಣೆಯ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಬಿಡಿಸಿ ಹೇಳಿದ್ದರು: ನನ್ನಲ್ಲಿ ಏನೂ ಕೊರತೆಯಿಲ್ಲ, ಇರುವುದು ನಿಮ್ಮಲ್ಲಿ, ಅದಕ್ಕೆ ಔಷಧ ಇದೆ. ಬರುವಾಗ ಗಾಡಿಯಲ್ಲಿ ನನ್ನ ಕೈ ಹಿಡಿದು “ಅವ್ವಗ ಹೇಳಬ್ಯಾಡ” ಎಂದಿರಿ. ನಾನು ಹೇಳಲಿಲ್ಲ. ನೀವು ಆ ಡಾಕ್ಟರ ಹತ್ತಿರ ಮತ್ತೆ ಹೋಗಲೂ ಇಲ್ಲ. ನಿಮ್ಮಲ್ಲಿ ಕೊರತೆಯಿದೆ ಎಂದು ನನಗೆ ಆ ದಿನವೂ ಸಿಟ್ಟು ಬರಲಿಲ್ಲ, ಇವತ್ತೂ ಇಲ್ಲ. ಯಾರ ಮೈ ಅವರ ಕೈಯಲ್ಲಿದೆ? ಆದರೆ ನಿಮ್ಮ ಅವ್ವ ತರಿಸಿದ ಕಹಿ ಪುಡಿಗಳನ್ನು ನಾನು ನುಂಗುವಾಗ ನೀವು ಎದುರಿಗೆ ಕೂತು ಚಹಾ ಕುಡಿದಿರಿ. ಬಂಜೆ ಎಂದು ಓಣಿ ನನ್ನನ್ನು ಅಂದಾಗ ನೀವು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದಿರಿ. ನೀವು ಇಷ್ಟು ದಿನ ತಲೆ ಮರೆಸಿಕೊಂಡಿದ್ದು ನನ್ನ ಹಿಂದೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಅಕ್ಕಲಕೋಟೆಯಿಂದ ಬಂದಾಗ ಶೋಕೇಸು ಸಿದ್ಧವಾಗಿತ್ತು. ಪೊರೆ ಬಿಡುವಾಗ ಹಾವನ್ನು ಮುಟ್ಟಬಾರದು ಎಂದು ಸಿದ್ಧರಾಮ ಹೇಳಿದ್ದರಿಂದ, ಗುಂಡ್ಯಾ ಒಳಗಿದ್ದ ಹಾಗೇ ಗಡಿಗೆಯ ಕೆಳಗೆ ರಟ್ಟು ಸರಿಸಿ ಎತ್ತಿ ಇಟ್ಟೆ. ನಮ್ಮ ಊರಿನ ಒಣ ಹವೆಗೆ ಪೊರೆ ಮೈಗೇ ಅಂಟಿಬಿಡುತ್ತದಂತೆ. ನಾರನ್ನು ಒದ್ದೆ ಮಾಡಿ ಗಡಿಗೆಯೊಳಗೆ ತುಂಬಿದೆ, ತೇವ ತೋರಿಸುವ ಮೀಟರು ನೋಡುತ್ತ ನೀರು ಚಿಮುಕಿಸಿದೆ. ಒಂದು ಬೆಳಿಗ್ಗೆ ನೋಡಿದರೆ ಕಣ್ಣು ತಿಳಿಯಾಗಿ ಕರ್ರಗೆ ಹೊಳೆಯುತ್ತಿವೆ. ಪೊರೆ ಕಳಚುವ ಕೆಲವು ದಿನ ಮುಂಚೆ ಹಾಗೆ ತಿಳಿಯಾಗುತ್ತದಂತೆ. ನನಗಾದ ಸಂತೋಷಕ್ಕೆ ಬುದ್ಧಿಗೇಡಿಯ ಹಾಗೆ ಓಡಿಹೋಗಿ ನಿಮ್ಮ ಅವ್ವನನ್ನೇ ಕರೆತಂದೆ. ಅವರು ಗಾಜಿನ ಹತ್ತಿರ ಬಗ್ಗಿ ನೋಡಿದರು. ಆಮೇಲೆ ನನ್ನ ಹೊಟ್ಟೆಯ ಕಡೆ ತಿರುಗಿ, “ಹೋತೇನ ಪೂನಮ?” ಎಂದು ಕೇಳಿದರು.

ಅವರು ಕೇಳಿದ್ದು ಏನು ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಹಾವಿಗೆ ಕಣ್ಣು ಬಂದರೆ ಹೊಟ್ಟೆಯಲ್ಲಿದ್ದದ್ದು ಹೋಯಿತು ಎಂದು ಲೆಕ್ಕ. ದೊಡ್ಡವ್ವ ಫೋನಿನಲ್ಲಿ, “ಬ್ಯಾಡಂದ್ರೂ ದಿನಾ ಆ ಹಾವಿನ ಪೆಟಗಿಗಿ ಕೈ ಹಾಕತಿದ್ಳು, ಅಕೀನ ಕೂಸನ್ನ ಕಳಕೊಂಡಾಳ” ಎಂದದ್ದು ಪಡಸಾಲೆಗೆಲ್ಲ ಕೇಳಿಸಿತು. ಅಂದಿನಿಂದ ನಿಮ್ಮ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ನಾನು ಮಾಡಿದ ರೊಟ್ಟಿ ಮುರಿಯುವುದಿಲ್ಲ. ಬೈದಿದ್ದರೆ ತಡೆಯುತ್ತಿದ್ದೆ. ಅವರು ಬೈಯುತ್ತಿಲ್ಲ, ಮೊಮ್ಮಗುವಿಗಾಗಿ ಅಳುತ್ತಿದ್ದಾರೆ. ಎಂದೂ ಇಲ್ಲದ ಕೂಸನ್ನು ಕೊಂದವಳು ಎಂದು ನಾನು ಅದೇ ಮನೆಯಲ್ಲಿ ಕಸ ಗುಡಿಸುತ್ತಿದ್ದೇನೆ. ಇರ್ಲಿ ಬಿಡು ಎಂದಿರಲ್ಲ, ನೋಡಿ, ಇದು ಅದರ ಫಲ.

ಗುಂಡ್ಯಾ ಮೊನ್ನೆ ಪೊರೆ ಬಿಟ್ಟಿತು. ಮೂಗಿನಿಂದ ಬಾಲದ ತನಕ ಒಂದೇ ತುಂಡು, ಕಣ್ಣಿನ ಪೊರೆಯೂ ಸೇರಿ ಬಂದಿದೆ. ನಿನ್ನೆ ಇಲಿ ತಿಂದಿತು. ಅದಕ್ಕೆ ಏನು ಬೇಕು ಎಂದು ನಾನು ಕಲಿತುಕೊಂಡೆ. ನಿಮಗೆ ಹೇಳಿಕೊಟ್ಟಿದ್ದರೂ ನೀವು ಮಾಡಲಿಲ್ಲ. ಹಾವಿಗೂ ಮಾಡಲಿಲ್ಲ, ನನಗೂ ಮಾಡಲಿಲ್ಲ.

ಶಿವರಾತ್ರಿಯೊಳಗೆ ಊರಿಗೆ ಬನ್ನಿ. ಬಂದು ನಿಮ್ಮ ಅವ್ವನ ಹತ್ತಿರ ಕೂತು ನಿಮ್ಮ ಬಾಯಿಂದಲೇ ಹೇಳಿ. ನನಗೆ ಬೇರೆ ಏನೂ ಬೇಡ. ನೀವು ವ್ಯವಹಾರ ಮಾಡುವ ಅಲ್ಲಿಯ ಸೇಠ ಅವರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸಿ. ಮಾವನವರ ಆಶೀರ್ವಾದ ನಿಮಗಿದೆ. ದೇವರು ನಿಮಗೆ ಆರೋಗ್ಯ ಕೊಡಲಿ, ಸ್ವಲ್ಪ ಧೈರ್ಯವನ್ನೂ ಕೊಡಲಿ.

ಇತಿ,
ಪೂನಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ನಿಮ್ಮ ಅವ್ವ ಬಾಗಿಲಿಗೆ ಬಂದು ನಿಂತರು. “ಹೋದ ಕೂಸಿನ ಸುದ್ದಿ ಬರಿಯಾಕತ್ತೀಯೇನ ಅಂವಗ?” ಎಂದು ಕೇಳಿದರು. ನನಗೆ ಇನ್ನು ತಡೆಯಲಾಗಲಿಲ್ಲ. ಕೂಸು ಇರಲೇ ಇಲ್ಲ ಎಂದೆ. ಪುಣೆಯ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: “ನಾ ನಿನಗ ಉಡಿ ತುಂಬಿಸುವಾಗ ಅಂವಗ ಇದು ಗೊತ್ತಿತ್ತ?” ಗೊತ್ತಿತ್ತು ಎಂದೆ. ಎದ್ದು ಹೋಗಿ ಮುಖ ತೊಳೆದರು, ಸೀರೆ ಬದಲಿಸಿದರು, ನಾನು ಮಾಡಿದ ರೊಟ್ಟಿಯನ್ನು ಮುರಿದು ಉಂಡರು. ಆಮೇಲೆ ಮಾವನವರನ್ನು ಕರೆದು ಸೂರತ್ತಿಗೆ ಇಬ್ಬರದು ಟಿಕೆಟ್ ತೆಗಿಸ್ರಿ ಎಂದರು. ಗುಂಡ್ಯಾನ ಬೋಗುಣಿಗೆ ಮಾವನವರು ನೀರು ಹಾಕುತ್ತಾರೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ನೀವು ಓದಿ ಮುಗಿಸುವ ತನಕ ನಿಮ್ಮ ಅವ್ವ ಎದುರಿಗೇ ಕುಳಿತಿರುತ್ತಾರೆ.