ಗೌರತ್ತೆಯ ದೊರೆ ಚಾಮರಾಜನಗರಕ್ಕೆ ಹೋದದ್ದು

ಗೌರತ್ತೆ,

ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಅಲ್ಲಿ ಯಾರ ಕೈಲಾದರೂ ಓದಿಸಿಕೋ. ಓದುವವರು ಮಧ್ಯೆ ಮಧ್ಯೆ ನಕ್ಕರೆ ಕಾಗದ ಕಿತ್ತುಕೊಂಡು ಬೇರೆಯವರ ಕೈಗೆ ಕೊಡು. ನಗುವವರನ್ನು ನೋಡಿ ನೋಡಿ ನನಗಂತೂ ಸಾಕಾಗಿದೆ. ನೀನು ಹೋಗಿ ವರ್ಷ ತುಂಬಿತು. ಎಡೆ ಇಟ್ಟೆವು, ನಿನಗಿಷ್ಟ ಅಂತ ಹಿತಕವರೆ ಸಾರು ಮಾಡಿದ್ದೆ. ಕ್ಷೇಮ ಸಮಾಚಾರ ಅಷ್ಟೇ. ಇನ್ನು ವಿಷಯಕ್ಕೆ ಬರುತ್ತೇನೆ.

ಆಟ ಕಲಿಸಿದ ಆ ಮಧ್ಯಾಹ್ನ ನಿನಗೆ ನೆನಪಿದೆಯಾ? ಭೀಮನಬೀಡಿನ ಮನೆಯ ಜಗಲಿ ಕಲ್ಲಿನ ಮೇಲೆ ತಾತ ಕೊರೆಸಿದ್ದ ಚದುರಂಗದ ಮನೆಗಳು. ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ತಾತನೂ ಅಪ್ಪನೂ ಆಡುವುದನ್ನು ಬಾಗಿಲ ಹಿಂದೆ ನಿಂತು ನೋಡಿ ನೋಡಿಯೇ ನೀನು ಕಲಿತಿದ್ದೆಯಂತೆ. ಗಂಡ ತೀರಿಕೊಂಡು ತವರಿಗೆ ಬಂದವಳಿಗೆ ಬಾಗಿಲ ಹಿಂದೆ ಬಿಟ್ಟು ಬೇರೆ ಜಾಗ ಎಲ್ಲಿತ್ತು? ಆನೆ, ಒಂಟೆ, ಕುದುರೆ ಎಲ್ಲ ಹೇಳಿಕೊಟ್ಟ ಮೇಲೆ ರಾಜನನ್ನು ಕೈಗೆತ್ತಿಕೊಂಡೆ. ನೀನು ಅವನನ್ನು ರಾಜ ಅನ್ನುತ್ತಿರಲಿಲ್ಲ, ದೊರೆ ಅನ್ನುತ್ತಿದ್ದೆ. “ದೊರೆಗೆ ಒಂದೇ ಒಂದ್ ಕಿತ ಕುದುರೆ ತರ ನೆಗೆಯೋ ಹಕ್ಕದೆ ಕಣಮ್ಮಿ. ಆದ್ರೆ ಯಾರಾದ್ರೂ ಅವನ್ನ ಹೆದ್ರಿಸೋಕೆ ಮುಂಚೆ ನೆಗೀಬೇಕು. ಒಂದ್ ಸಲ ಹೆದ್ರಿಸ್ಬುಟ್ರೆ ಹಕ್ಕು ಓಯ್ತು” ಅಂದೆ. ಅಲ್ಲಿಂದ ನಾನು ಆಡಿದ ಆಟದಲ್ಲೆಲ್ಲ ದೊರೆ ನೆಗೆದೇ ನೆಗೆದ.

ಎದುರು ಮನೆಯ ಶಿವಮ್ಮ ನಿನ್ನನ್ನು ಆಡಿಕೊಂಡದ್ದೂ ನೆನಪಿದೆ. ಬಿಂದಿಗೆ ಸೊಂಟಕ್ಕಿಟ್ಟು ನಿಂತು, ಗಂಡನಿಲ್ಲದವಳಿಗೆ ದೊರೆ ಯಾಕೆ ಮಂತ್ರಿ ಯಾಕೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೇಳಿದ್ದಳು. ನೀನು ತಲೆ ಕೂಡ ಎತ್ತಲಿಲ್ಲ. “ನಂದು ಮರದ ದೊರೆ ಕಣವ್ವ, ಸಾಯಕಿಲ್ಲ” ಅಂದು ನಿನ್ನ ಆನೆಯನ್ನು ನಡೆಸಿದೆ. ನಾನು ನಗು ತಡೆಯಲಾರದೆ ಸೆರಗಿಲ್ಲದ ಲಂಗವನ್ನೇ ಬಾಯಿಗೆ ತುರುಕಿಕೊಂಡಿದ್ದೆ. ಆ ಧೈರ್ಯದಲ್ಲಿ ಒಂದು ಚೂರು ನನಗೆ ಬಂದಿದ್ದರೂ ಸಾಕು ಅಂತ ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ.

ಚಾಮರಾಜನಗರ ಈಗ ಜಿಲ್ಲೆಯಾಗಿದೆ, ಅತ್ತೆ. ಇನ್ನು ಮೇಲೆ ಎಲ್ಲದಕ್ಕೂ ಮೈಸೂರಿಗೆ ಓಡಬೇಕಾಗಿಲ್ಲ ಅಂತ ನಮ್ಮ ಆಫೀಸಿನಲ್ಲೆಲ್ಲ ಅದೇ ಮಾತು. ಆ ಹುಮ್ಮಸ್ಸಿನಲ್ಲೇ ಅಲ್ಲಿಯ ನಾಲ್ಕು ಜನ ಸೇರಿ ಶನಿವಾರ, ಭಾನುವಾರ ಚೆಸ್ ಟೂರ್ನಮೆಂಟ್ ಇಟ್ಟರು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಗೋಡೆಗೂ ಪೋಸ್ಟರ್ ಹಚ್ಚಿದ್ದರು. ನಾನು ಟೈಪಿಸ್ಟ್ ಆಗಿ ಕೂರುವ ಆಫೀಸಿನಲ್ಲಿ ರಮೇಶ ಅಂತ ಗುಮಾಸ್ತನಿದ್ದಾನೆ, ಕಾಲೇಜಿನಲ್ಲಿ ಆಡಿದ್ದನಂತೆ. ಊಟದ ಬಿಡುವಿನಲ್ಲಿ ಅವನೊಂದಿಗೆ ಆಡುತ್ತಾ ಹೊಸ ಕಾನೂನು ಕೇಳಿಕೊಂಡೆ. ಕಾಲಾಳು ಮೊದಲ ಸಲ ಎರಡು ಮನೆ ನಡೆಯಬಹುದು, ರಾಜನೂ ಆನೆಯೂ ಜಾಗ ಬದಲಾಯಿಸಿಕೊಳ್ಳಬಹುದು, ಹೀಗೆ. ಎಲ್ಲ ಕೇಳಿದೆ. ದೊರೆ ನೆಗೆಯಬಹುದಾ ಅಂತ ಮಾತ್ರ ಕೇಳಲಿಲ್ಲ. ಹಸು ಹಾಲು ಕೊಡುತ್ತದಾ ಅಂತ ಯಾರಾದರೂ ಕೇಳುತ್ತಾರಾ?

ಶನಿವಾರ ಬೆಳಿಗ್ಗೆ ನಾನೂ ನಮ್ಮ ಯಜಮಾನರೂ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಹೋದೆವು. ಅವರಿಗೆ ಅರಿಶಿನ ಮಂಡಿಯಲ್ಲಿ ಏನೋ ಕೆಲಸವಿತ್ತು. ಆಟ ಇದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಕಾರ್ಯದರ್ಶಿ ನನ್ನ ಹಿಂದೆ ಮುಂದೆ ನೋಡಿ, ಮಗು ಎಲ್ಲಿ, ಯಾವ ಕ್ಲಾಸು ಅಂತ ಕೇಳಿದರು. ಆಡುವವಳು ನಾನೇ ಅಂದೆ. ಅವರು ನನ್ನ ಹೆಸರನ್ನು ಎರಡೆರಡು ಸಲ ಕೇಳಿ ಬರೆದುಕೊಂಡರು. ಒಳಗೆ ನೋಡಿದರೆ ಪ್ಯಾಂಟು, ಪಂಚೆ, ಸ್ಕೂಲು ಹುಡುಗರು. ಸೀರೆ ಉಟ್ಟವಳು ನಾನೊಬ್ಬಳೇ.

ಮೊದಲ ಆಟ ಮೈಸೂರಿನ ಬ್ಯಾಂಕಿನವರೊಬ್ಬರ ಜೊತೆ. ಮೊದಮೊದಲು ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರ ಒಂದು ಒಂಟೆಯನ್ನು ಹೊಡೆದೆ ನೋಡು, ಜಗಲಿಯಲ್ಲೇ ಕೂತಷ್ಟು ಆರಾಮವಾಯಿತು. ಗೆಲ್ಲುತ್ತಿದ್ದೆ ಅತ್ತೆ, ನಿನ್ನಾಣೆ. ಅವರ ಎರಡು ಆನೆಗಳೂ ನನ್ನ ದೊರೆಯ ಕಡೆ ತಿರುಗುತ್ತಿದ್ದವು. ಇನ್ನೂ ಯಾರೂ ಅವನನ್ನು ಹೆದರಿಸಿರಲಿಲ್ಲ. ಇದೇ ಹೊತ್ತು ಅಂದುಕೊಂಡು, ನೀನು ಹೇಳಿದ ಹಾಗೆಯೇ, ದೊರೆಯನ್ನು ಎತ್ತಿ ಕುದುರೆಯ ಹಾಗೆ ನೆಗೆಸಿ ಮೂಲೆಯಲ್ಲಿ ಭದ್ರವಾಗಿ ಇಟ್ಟೆ. ಎಂಥ ನೆಮ್ಮದಿ ಆಯಿತು ಅಂತೀಯಾ...

ಎದುರಿನವರು ನನ್ನ ಮುಖ ನೋಡಿದರು, ಬೋರ್ಡು ನೋಡಿದರು, ಆಮೇಲೆ ಕೈ ಎತ್ತಿ ತೀರ್ಪುಗಾರರನ್ನು ಕರೆದರು. ಅವರು ಬಂದು ಇದೇನಮ್ಮ ಅಂದರು. ದೊರೆಗೆ ಇನ್ನೂ ಯಾರೂ ಚೆಕ್ ಕೊಟ್ಟಿಲ್ಲ ಸಾರ್, ಅವನಿಗೆ ಒಂದು ನೆಗೆತ ಉಳಿದಿದೆ ಅಂದೆ. ಹಾಗೆಲ್ಲ ಇಲ್ಲ, ರಾಜನನ್ನು ಮುಟ್ಟಿದ್ದೀರಿ, ಆದ್ದರಿಂದ ರಾಜನನ್ನೇ ಒಂದು ಮನೆ ನಡೆಸಬೇಕು ಅಂತ ಅವರು ಮೆತ್ತಗೇ ಹೇಳಿದರು, ಪಾಪ. ಪಕ್ಕದ ಬೋರ್ಡಿನಲ್ಲಿ ಅಲ್ಲಿಯ ಕ್ಲಬ್ಬಿನ ನಂಜುಂಡಸ್ವಾಮಿ ಅನ್ನುವವನಿದ್ದ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕದ್ದಕ್ಕೆ ಅವನ ಸುತ್ತಲಿನವರೆಲ್ಲ ನಕ್ಕರು. ದೊರೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದೆ. ಬ್ಯಾಂಕಿನವರ ಆನೆ ನೇರವಾಗಿ ಇಳಿದು ಬಂತು. ಸೋತೆ.

ಆ ನಗು, ಮಂಡಿಯ ಕೆಲಸ ಮುಗಿಸಿ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮ ಯಜಮಾನರ ಕಿವಿಗೂ ಬಿದ್ದಿತ್ತು. ಮಹದೇವಸ್ವಾಮಿ ಕೆಟ್ಟವರಲ್ಲ, ನಿನಗೇ ಗೊತ್ತು, ನಿನ್ನ ಕೊನೆಗಾಲದಲ್ಲಿ ನಿನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದವರೇ ಅವರು. ಆದರೆ ನಾಲ್ಕು ಜನ ನಕ್ಕರೆ ಅವರಿಗೆ ತಡೆಯುವುದಿಲ್ಲ. “ಸಾಕು ಬುಡು, ಹೋಗನ ನಡಿ. ನಗೆಪಾಟ್ಲಾಯ್ತು” ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. “ನಿಮ್ಮತ್ತೆಗೇ ಆಟ ಸರಿಯಾಗಿ ಗೊತ್ತಿರ್ನಿಲ್ಲ ಅನ್ಸುತ್ತೆ ಕಣೆ.”

ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಸೋತದ್ದಕ್ಕೆ ಅಲ್ಲ, ಅತ್ತೆ. ಆಗಲೇ ಬಸ್ಸು ಹತ್ತಿಬಿಟ್ಟಿದ್ದರೆ ಆ ಮಾತೇ ಉಳಿದುಬಿಡುತ್ತಿತ್ತು ತಾನೇ? ಬಾಗಿಲ ಹಿಂದೆ ನಿಂತು ಕಲಿತವಳು ಅರ್ಧಂಬರ್ಧ ಕಲಿತಳು, ಅದನ್ನೇ ಸೋದರಸೊಸೆಗೂ ಕಲಿಸಿದಳು, ಇಬ್ಬರೂ ಸೇರಿ ಮಾನ ಕಳೆದರು. ಇದೇ ತಾನೇ ಕಥೆ ಆಗುತ್ತಿದ್ದದ್ದು? ಜಗಲಿಯ ಆಟಕ್ಕೆ ಒಂದು ಕಾನೂನು, ಇಲ್ಲಿಯ ಆಟಕ್ಕೆ ಇನ್ನೊಂದು. ನಮ್ಮ ತಾತ, ಅವರ ತಾತ ಎಲ್ಲ ಹಾಗೇ ಆಡಿದವರು, ಅವರನ್ನು ಯಾರೂ ಪೆದ್ದರು ಅನ್ನಲಿಲ್ಲ. ನೀವು ಬೇಕಾದರೆ ಹೋಗಿ, ನಾನು ಆಡಿಯೇ ಬರುವವಳು ಅಂದೆ. ಅವರು ಹೋಗಲಿಲ್ಲ, ಮತ್ತೆ ಬೆಂಚಿನ ಮೇಲೆ ಕೂತರು. ಆವತ್ತು ಇನ್ನೊಂದು ಆಟ ಸೋತೆ, ಕೊನೆಯದನ್ನು ಗೆದ್ದೆ. ಗೆದ್ದಾಗ ಯಾರೂ ನೋಡಲಿಲ್ಲ ಬಿಡು.

ಭಾನುವಾರ ಬೆಳಿಗ್ಗೆ ಇಡ್ಲಿ ಮಾಡಿಟ್ಟು, ನಾನು ಹೊರಟೆ ಅಂದೆ. ಇವತ್ತೂ ಹೋಗಬೇಕಾ ಅಂತ ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ಕೇಳಿದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ ಅಂದೆ. ಬಸ್ಸಿನಲ್ಲಿ ಒಬ್ಬಳೇ ಹೋದೆ. ಮಂಟಪದ ಮೆಟ್ಟಿಲು ಹತ್ತುವಾಗ ಯಾರೋ, ನೆಗೆಯುವ ರಾಜನ ಹೆಂಗಸು ಬಂದಳು ಅಂದದ್ದು ಕಿವಿಗೆ ಬಿತ್ತು. ಬಂದೆ ಕಣಯ್ಯ, ಏನೀಗ? ಹಾಗಂತ ಮನಸ್ಸಿನಲ್ಲೇ ಅಂದುಕೊಂಡೆ.

ಕೊನೆಯ ಆಟಕ್ಕೆ ನನ್ನೆದುರು ಬಂದು ಕೂತವನು ಯಾರು ಹೇಳು? ಅದೇ ನಂಜುಂಡಸ್ವಾಮಿ. ಅವನೂ ಎರಡು ಸೋತು ನನ್ನ ಮಟ್ಟಕ್ಕೇ ಇಳಿದಿದ್ದ. ಕೂತವನೇ ಹಲ್ಲು ಕಿರಿದು, “ಏನಮ್ಮಾ, ಇವತ್ತೂ ನೆಗೀತಾನಾ ನಿಮ್ಮ ರಾಜ?” ಅಂದ.

“ಇಲ್ಲ, ಇವತ್ತು ನಡ್ಕಂಡೇ ಬತ್ತಾನೆ” ಅಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ನಿಜವಾಗಿ ನನಗೂ ಗೊತ್ತಿಲ್ಲ. ಸುಮಾರು ಹೊತ್ತು ಆಡಿದೆವು. ಮಂತ್ರಿಗಳು ಹೋದವು, ಆನೆಗಳು ಹೋದವು. ಇಬ್ಬರಿಗೂ ಉಳಿದದ್ದು ರಾಜರು, ನಾಲ್ಕಾರು ಕಾಲಾಳು. ಅವನು ಗಡಿಯಾರ ನೋಡಿ, ಡ್ರಾ ಮಾಡಿಕೊಳ್ಳೋಣ, ನಿಮಗೂ ಬಸ್ಸಿಗೆ ಹೊತ್ತಾಗುತ್ತದೆ, ನಿಮಗಿದು ದೊಡ್ಡದೇ ಅಲ್ಲವಾ ಅಂದ. ನೋಡು ದೊಡ್ಡಸ್ತಿಕೆ! ಅವನ ರಾಜ ಇನ್ನೂ ಮನೆಯೊಳಗೇ ಬೆಚ್ಚಗೆ ಕೂತಿದ್ದ. ಜಗಲಿಯಲ್ಲಿ ನಾವಿಬ್ಬರೂ ಎಲ್ಲ ಕಾಯಿ ಹೊಡೆದಾಡಿಕೊಂಡು ಕೊನೆಗೆ ದೊರೆಯನ್ನೇ ಕಾಳಗಕ್ಕೆ ಇಳಿಸಿ ಎಷ್ಟು ಮಧ್ಯಾಹ್ನ ಕಳೆದಿಲ್ಲ? ಬೇಡ, ಆಡಿ ಅಂದೆ.

ಆಮೇಲೆ ನನ್ನ ದೊರೆ ನಡೆದ. ಒಂದೊಂದೇ ಮನೆ, ನೆಟ್ಟಗೆ ನಡುಬೋರ್ಡಿಗೆ. ಅವನು ಎಚ್ಚೆತ್ತು ತನ್ನ ರಾಜನನ್ನು ಹೊರಡಿಸುವಷ್ಟರಲ್ಲಿ ನನ್ನವನು ಅವನ ಎರಡು ಕಾಲಾಳುಗಳನ್ನು ತಿಂದು, ನನ್ನ ಕಾಲಾಳಿಗೆ ದಾರಿ ಮಾಡಿ ಪಕ್ಕದಲ್ಲೇ ಕಾವಲು ನಿಂತಿದ್ದ. ಇಲ್ಲಿ ಕಾಲಾಳು ಕೊನೆ ಸಾಲಿನ ಯಾವ ಮನೆ ಮುಟ್ಟಿದರೂ ಮಂತ್ರಿ ಆಗಬಹುದಂತೆ ಅತ್ತೆ. ನಮ್ಮ ಹಾಗೆ ಕುದುರೆ ಮನೆಗೆ ಹೋದರೆ ಕುದುರೆಯೇ, ಒಂಟೆ ಮನೆಗೆ ಹೋದರೆ ಒಂಟೆಯೇ ಅನ್ನುವ ಕಟ್ಟಿಲ್ಲ. ಈ ಕಾನೂನು ನಿನಗೂ ಹಿಡಿಸುತ್ತಿತ್ತು. ನನ್ನ ಕಾಲಾಳು ಮಂತ್ರಿಯಾದದ್ದೇ ಅವನು ಸೋತೆ ಅಂತ ಗಡಿಯಾರ ನಿಲ್ಲಿಸಿ, ಕೈ ಕೂಡ ಕೊಡದೆ ಎದ್ದು ಹೋದ. ಈ ಸಲ ಯಾರೂ ನಗಲಿಲ್ಲ. ಖುಷಿಗೆ ನನಗೆ ಅಳು ಬಂತು. ಅಳಲಿಲ್ಲ, ನುಂಗಿಕೊಂಡೆ.

ಬಹುಮಾನದ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನನ್ನ ಜಾಗ ಪಟ್ಟಿಯ ನಡುವೆಲ್ಲೋ ಇತ್ತು, ಬಹುಮಾನ ಯಾಕೆ ಅಂತ ತಿಳಿಯದೆಯೇ ಎದ್ದು ಹೋದೆ. ಮನೆಗೆಲಸದ ಮಧ್ಯೆಯೂ ಬಿಡುವು ಮಾಡಿಕೊಂಡು ಬಂದ ಸಹೋದರಿಗೆ ಮಹಿಳೆಯರ ವಿಶೇಷ ಬಹುಮಾನ ಅಂತ ಕಾರ್ಯದರ್ಶಿ ಹೇಳಿ, ಬೆಳ್ಳಿ ಬಣ್ಣದ ಕುಂಕುಮ ಭರಣಿ ಮುಂದೆ ಹಿಡಿದರು. ಕೈ ಚಾಚಿದ್ದೆ. ಅಷ್ಟರಲ್ಲಿ ಅವರೇ, ಯಾರಮ್ಮ ನಿಮಗೆ ಆಟ ಕಲಿಸಿದ್ದು ಅಂತ ಮೈಕು ನನ್ನ ಬಾಯಿ ಹತ್ತಿರ ತಂದರು.

ಚಾಚಿದ ಕೈ ಹಾಗೇ ಹಿಂದಕ್ಕೆ ಬಂತು. “ಭೀಮನಬೀಡಿನ ಗೌರಮ್ಮ, ನನ್ನ ಸೋದರತ್ತೆ. ಗಂಡ ಸತ್ತ ಮೇಲೆ ಆಟ ಕಲಿತೋರು” ಅಂದೆ. ಅಷ್ಟಕ್ಕೇ ಬಿಡಲಿಲ್ಲ. “ನನಗಿಂತ ಚೆನ್ನಾಗಿ ಆಡೋರು. ಇವತ್ತು ಅವ್ರೇ ಬಂದು ಆಡಿದ್ರೆ ಈ ಭರಣೀನ ಅವ್ರ ಕೈಗೆ ಕೊಡ್ತಿದ್ರಾ ಸಾರ್?”

ಕಾರ್ಯದರ್ಶಿ ಮೈಕನ್ನು ಬೇಗ ತಮ್ಮ ಕಡೆ ಎಳೆದುಕೊಂಡರು. ಅತ್ತೆಗೆ ಕೊಡಲಾಗದ್ದು ನನಗೂ ಬೇಡ ಅಂದು ಇಳಿದು ಬಂದೆ. ಸೊಕ್ಕು ಅಂದರು ಒಬ್ಬರು. ಇರಲಿ ಬಿಡು. ಬಾಗಿಲ ಹತ್ತಿರ ನಮ್ಮ ಯಜಮಾನರು ನಿಂತಿದ್ದರು. ಯಾವ ಬಸ್ಸಿಗೆ ಬಂದಿದ್ದರೋ, ಎಷ್ಟು ಕೇಳಿಸಿಕೊಂಡರೋ, ನಾನು ಕೇಳಲಿಲ್ಲ. ನನ್ನ ಬ್ಯಾಗು ಇಸಿದುಕೊಂಡು, ನಿಮ್ಮತ್ತೆ ವಿಷಯದಲ್ಲಿ ನಾನು ಹಾಗನ್ನಬಾರದಿತ್ತು ಅಂದರು. ಹೌದು, ಅನ್ನಬಾರದಿತ್ತು ಅಂದೆ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಮತ್ತೆ ಟೂರ್ನಮೆಂಟ್ ಇಡುತ್ತಾರಂತೆ. ಮೊನ್ನೆ ಆಫೀಸಿನಿಂದಲೇ ಕಾರ್ಯದರ್ಶಿಗೆ ಫೋನ್ ಮಾಡಿ ಹೆಸರು ಬರೆಸಿದೆ. ನನ್ನ ದನಿ ಗುರುತು ಸಿಕ್ಕಿತೋ ಏನೋ, ಅವರು ತಡವರಿಸುತ್ತಾ, ಈ ಸಲ ಮಹಿಳೆಯರ ಬಹುಮಾನಕ್ಕೆ ಭರಣಿ ಇಡುವುದಿಲ್ಲಮ್ಮ, ಬೇರೆ ಏನು ಇಡಬಹುದು ನೀವೇ ಹೇಳಿ ಅಂದರು.

ಅದು ನನಗೆ ಬೇಕಾಗಿಲ್ಲ ಸಾರ್, ಮೊದಲನೇ ಬಹುಮಾನ ಏನಿಟ್ಟಿದ್ದೀರಿ ಹೇಳಿ ಅಂದೆ.

ನಿನ್ನ ರತ್ನಿ