ಹಂಸ ದಪ್ಪಗಾಗಿಲ್ಲ

ರೀ,

ಹಂಸನ ಮುಖ ಮತ್ತೆ ಊದಿದೆ. ಡಾಕ್ಟ್ರು ಹೇಳಿಕೊಟ್ಟ ಹಾಗೆ ಅವಳ ಉಚ್ಚೆ ಕಾಯಿಸಿ ನೋಡಿದೆ, ಬೆಂದ ಮೊಟ್ಟೆಯ ಬಿಳಿ ಥರ ಗಟ್ಟಿಯಾಯ್ತು. ಕಿಡ್ನಿ ಕಾಯಿಲೆ ತಿರುಗಿ ಬಂದಿದೆ. ನೀವು ಮಾಲೂರಲ್ಲಿ ಶಿಫ್ಟಿನಲ್ಲಿದ್ದೀರೇನೋ, ಫೋನ್ ಎತ್ತಲಿಲ್ಲ. ವೆಂಕಟಣ್ಣನ ಆಟೋದಲ್ಲಿ ಕೋಲಾರದ ಆಸ್ಪತ್ರೆಗೆ ಹೊರಟಿದ್ದೀವಿ. ಅಲ್ಲಿ ಆಗಲ್ಲ ಅಂದ್ರೆ ಬೆಂಗಳೂರೇ ಗತಿ.

ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ತಕ್ಷಣ ಹೊರಡಿ. ಅವಳ ಸ್ವೆಟರ್ ಹಗ್ಗದ ಮೇಲಿದೆ, ತನ್ನಿ.

ಅತ್ತೆ ತೋಟದಲ್ಲಿದ್ದಾರೆ, ಬರೋವಾಗ ನೀವೇ ಹೇಳಿ ಬನ್ನಿ. ನಾನು ಬಾಯಿ ಬಿಟ್ರೆ ಜಗಳ ಆಗುತ್ತೆ. ನಾನು ತವರಿಗೆ ಹೋಗಿದ್ದಾಗಲೇ ಊದೋಕೆ ಶುರುವಾಗಿತ್ತಂತೆ. ಅತ್ತೆ ನನಗೊಂದು ಫೋನ್ ಮಾಡಿಲ್ಲ. ಮಗು ಕೆನ್ನೆ ತುಂಬ್ಕೊಂಡಿದೆ ಅಂತ ಖುಷಿಪಟ್ಟು, ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದಿದ್ದಾರೆ! ಬೈಯೋಕೂ ಮನಸ್ಸು ಬರ್ತಿಲ್ಲ. ಮಗು ಸೊರಗಿದೆ ಅಂತ ದಿನಾ ಅಳ್ತಿದ್ದವರು ಅವರೇ ಅಲ್ವಾ?

ಕಾಲೂ ಊದಿದೆ, ಚಪ್ಪಲಿ ಹಿಡಿಸ್ತಿಲ್ಲ. ಎತ್ಕೊಂಡೇ ಹೋಗ್ತೀನಿ.

ಈಗ ಕನ್ನಡಿ ಮುಂದೆ ನಿಂತು, “ಅಮ್ಮ, ನಾನು ದಪ್ಪ ಆದೆ ನೋಡು, ಇನ್ಮೇಲೆ ಸೂಜಿ ಚುಚ್ಚಲ್ಲ ಅಲ್ವಾ?” ಅಂದ್ಲು.

ಹೂಂ ಅಂದ್ಬಿಟ್ಟೆ. ಅದನ್ನೇ ನಂಬಿ ನಗ್ತಾ ಹೊರಟಿದ್ದಾಳೆ. ಅವರು ಸೂಜಿ ತೆಗೆಯೋಷ್ಟರಲ್ಲಿ ಬನ್ನಿ.