ತಿರುವಿನ ಮೇಲಿನ ಸೋಯಾ

ಅಣ್ಣಾ,

ಗಾಡಿ ರಿಪೇರಿಗೆ ಬೀದರಿಗೆ ಹೊರಟೆ. ನಿನ್ನೆ ನಾನೂ ಅವ್ವನೂ ಜಾರಿ ಬಿದ್ದದ್ದು ನೀನು ಡಾಂಬರಿನ ಮೇಲೆ ಒಣಗಲು ಹರವಿದ ಸೋಯಾದಿಂದಲೇ. ಗಾಲಿಯ ಕೆಳಗೆ ಕಾಳು ಉರುಳಿ, ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಯಿತು. ಓಡಿ ಬಂದ ನೀನು ಕೇಳಿದ್ದೇನು? “ತಿರುವಿನ್ಯಾಗ ಬ್ರೇಕ್ ಯಾಕ ಒತ್ತಿದ್ಯೋ?” ಆಮೇಲೆ ಚೆದುರಿದ ಕಾಳು ಬಳಿಯುತ್ತ ಕೂತೆ. ಅವ್ವನನ್ನು ಎತ್ತಿದವನು ಯಾರೋ ಲಾರಿಯವನು!

ಅವ್ವನ ಮೊಣಕೈಗೆ ಮಧ್ಯಾಹ್ನ ಮುಲಾಮು ಹಚ್ಚು. ಅಂಗಳದಲ್ಲಿ ತಾಡಪತ್ರಿ ಹಾಸಿದ್ದೇನೆ, ಕಾಳನ್ನು ಅಲ್ಲಿ ಹರವು. ಕಸಬರಿಗೆ ಬಾಗಿಲ ಹಿಂದಿದೆ, ನಾಲ್ಕರೊಳಗೆ ರಸ್ತೆ ಗುಡಿಸು.

ಐದಕ್ಕೆ ವೈನಿ ನಿಮ್ಮಿಬ್ಬರ ಮಗಳನ್ನು ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ಭಾಲ್ಕಿಯಿಂದ ಅದೇ ತಿರುವಿನಲ್ಲಿ ಬರುತ್ತಾರೆ. ಗುಡಿಸಲು ಮನಸ್ಸಿಲ್ಲದಿದ್ದರೆ, ಬ್ರೇಕ್ ಒತ್ತಬೇಡವೆಂದು ಫೋನ್ ಮಾಡಿ ನೀನೇ ಹೇಳು.

ಅಮೋಲ್